ಹೊರಗೆ ಕಂದು, ಒಳಗೆ ರೇಷ್ಮೆ

ಹೋದ ವಾರ ಕಸದ ಗಾಡಿಯವರು ಎಲ್ಲರ ಚೀಲ ಒಯ್ದು ನಮ್ಮದನ್ನು ಮಾತ್ರ ಬಿಟ್ಟು ಹೋಗಿದ್ದರು. ಮೇಲೊಂದು ಚೀಟಿ. ಪಕ್ಕದ ಮನೆ ಅಜ್ಜಿ ಬಂದು ಯಾವ ದಿನ ಯಾವ ಕಸ ಅಂತ ನಗುತ್ತಲೇ ತಿಳಿಸಿದರು. ಟೋಕಿಯೋದಲ್ಲಿ ಏಳು ವರ್ಷ ಕಳೆದವನಿಗೆ ಮುಖ ಸಣ್ಣದಾಯ್ತು. ನನ್ನ ಕಸ ಅವರಿಗ್ಯಾಕೆ ಬೇಕು?

ಈ ಊರಿಗೆ ಎಡೋ ಅನ್ನೋ ಹಳೇ ಹೆಸರಿದ್ದಾಗಿನಿಂದಲೂ ಹೀಗೇ. ಜಪಾನ್ ಆಳಿದ ಸೇನಾನಾಯಕರು, ಅಂದರೆ ಟೊಕುಗವಾ ಶೋಗನ್‌ಗಳ ಕಾಲದಲ್ಲಿ ಸುಮಾರು ಐದು ಮನೆಗೆ ಒಂದು ಗುಂಪು, ಅದರ ಹೆಸರು ಗೋನಿನ್‌ಗುಮಿ. ಒಬ್ಬ ತಪ್ಪು ಮಾಡಿದರೆ ಉಳಿದ ಮನೆಯವರೂ ಹೊಣೆ. ಹಾಗಿದ್ದ ಮೇಲೆ ಪಕ್ಕದ ಮನೆ ಮೇಲೆ ಕಣ್ಣಿಡದೆ ಹೇಗಿರ್ತಾರೆ?

ಬಟ್ಟೆಯನ್ನೂ ಬಿಡಲಿಲ್ಲ. 1628ರ ಆಜ್ಞೆಯಂತೆ ಸಾಮಾನ್ಯ ರೈತ ಹತ್ತಿ ಬಟ್ಟೆ, ನಾರು ಬಟ್ಟೆಯನ್ನೇ ತೊಡಬೇಕು. 1681ರಲ್ಲಿ ಇಶಿಕಾವಾ ರೊಕುಬೆಯಿ ಎಂಬ ವರ್ತಕನ ಹೆಂಡತಿಯ ಉಡುಗೆಯ ವೈಭವ ಶೋಗನ್ ತ್ಸುನಯೋಶಿಯ ಕಣ್ಣಿಗೆ ಬಿತ್ತು. ಅಷ್ಟಕ್ಕೇ ಆಸ್ತಿ ಮುಟ್ಟುಗೋಲು, ಗಂಡ ಹೆಂಡತಿ ಊರಿನಿಂದಲೇ ಹೊರಗೆ.

ಜನ ಏನು ಮಾಡಿದರು? ಕಂದು, ಬೂದು ಬಣ್ಣಗಳಲ್ಲೇ ಹತ್ತಾರು ಛಾಯೆ ಹುಟ್ಟಿಸಿದರು. ಒಮ್ಮೆ ಹಳೆ ಬಟ್ಟೆ ಅಂಗಡಿಯಲ್ಲಿ ಮುದುಕರೊಬ್ಬರು ಹಾವೊರಿ ತೋರಿಸಿದರು. ಕಿಮೋನೊ ಮೇಲೆ ತೊಡುವ ಗಂಡಸರ ಅಂಗಿ ಅದು. ಹೊರಗೆ ಮಾಸಲು ಕಂದು. ಮಗ್ಗುಲು ತಿರುಗಿಸಿದರು. ಒಳಗೆ ರೇಷ್ಮೆಯ ಅಸ್ತರು, ಅದರ ಮೇಲೆ ಅಲೆ, ಚಂದ್ರ, ಹಾರುವ ಕೊಕ್ಕರೆ. ಎಡೋದ ವರ್ತಕರಿಂದ ಬಂದ ರೂಢಿ ಇದು ಅಂದರು. ತೊಟ್ಟವನಿಗೆ ಬಿಟ್ಟರೆ ಬೇರೆ ಯಾರಿಗೂ ಕಾಣದು. ನನಗಂತೂ ಹೊಟ್ಟೆಯಲ್ಲಿ ಸಂಕಟವಾಯ್ತು. ಚೆಂದದ್ದನ್ನು ಬಚ್ಚಿಟ್ಟು ತೊಡಬೇಕಾ?

ನಮ್ಮವ್ವ ಇಳಕಲ್ ಸೀರೆ ಉಟ್ಟು, ಟೋಪ ತೆಣಿ ಸೆರಗು ಹೊದ್ದು ಪಂಚಮಿಗೆ ಜೋಕಾಲಿ ಆಡೋಕೆ ಹೋದರೆ ಇಡೀ ಓಣಿ ನೋಡುತ್ತದೆ. ಸೆರಗು ಇರೋದೇ ನಾಲ್ಕು ಜನ ನೋಡಲಿ ಅಂತ ಅಲ್ವಾ? ಹಾಗಂತ ಅವ್ವನಿಗೆ ಫೋನ್ ಮಾಡಿ ಹಾವೊರಿ ಕತೆ ಹೇಳಿದೆ. ಉಡುವುದಕ್ಕೆ ತೊಡುವುದಕ್ಕೆ ನಮ್ಮಲ್ಲಿ ಯಾವ ರಾಜನ ಕಟ್ಟಳೆಯೂ ಇರಲಿಲ್ಲ ಅಂದೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಾ ಸಣ್ಣಾಕಿ ಇದ್ದಾಗ ಗೌಡ್ರ ವಾಡೇದ ಮುಂದ ಕೆಳಗೇರಿ ಮಂದಿ ಚಪ್ಪಲಿ ಕೈಯಾಗ ಹಿಡಕೊಂಡು ಹೋಗ್ತಿದ್ರಪಾ. ಅದನ್ನ ಯಾವ ರಾಜ ಬರದಿದ್ದ?"