ಈಶಾನ್ಯಕ್ಕೆ ನ್ಯೂಯಾರ್ಕ್, ನೈರುತ್ಯಕ್ಕೆ ಫಿಲಡೆಲ್ಫಿಯಾ

ಕಳೆದ ತಿಂಗಳ ಕೇಬಲ್ ಬಿಲ್ಲಿನಲ್ಲಿ ‘ಬ್ರಾಡ್‌ಕಾಸ್ಟ್ ಟಿವಿ ಫೀ’ ಎಂಬ ಸಾಲನ್ನು ಓದಿದೆ. ಓದಬಾರದಿತ್ತು. ಆ ಸಾಲು ಎಷ್ಟೋ ವರ್ಷಗಳಿಂದ ಅಲ್ಲೇ ತಣ್ಣಗೆ ಕೂತಿತ್ತು, ನಾನೂ ತಣ್ಣಗೆ ಕಟ್ಟುತ್ತಿದ್ದೆ. ಗಾಳಿಯಲ್ಲಿ ಪುಕ್ಕಟೆ ಬಂದು ಬೀಳುವ ಚಾನೆಲ್ಲುಗಳನ್ನು ತಂತಿಯೊಳಗೆ ತೂರಿಸಿ ಮನೆಗೆ ಮುಟ್ಟಿಸಿದ್ದಕ್ಕೆ ಅದು ಪ್ರತ್ಯೇಕ ದಕ್ಷಿಣೆ. ಫೋನ್ ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗ ಬಂದು ‘ಇದು ತೆರಿಗೆ ಅಲ್ಲ ಸಾರ್, ಬರೀ ಫೀ’ ಅಂದ, ಅಷ್ಟಕ್ಕೇ ನನಗೆ ಸಮಾಧಾನ ಆಗಬೇಕು ಎಂಬಂತೆ. ನಮ್ಮ ಮಾಡಿನ ಮೇಲೆ ಬಿದ್ದ ಮಳೆನೀರನ್ನು ಕೊಡದಲ್ಲಿ ಹಿಡಿದು ನನಗೇ ಮಾರುತ್ತೀಯಲ್ಲೋ ಎಂದು ಕೇಳಬೇಕಿತ್ತು. ಸಿಟ್ಟು ಬಂದಾಗ ನನಗೆ ಇಂಗ್ಲಿಷು ಬರುವುದಿಲ್ಲ. ‘ಥ್ಯಾಂಕ್ಯೂ’ ಅಂದು ಫೋನಿಟ್ಟೆ.

ಮಾಡಿನ ಮೇಲೊಂದು ಆಂಟೆನಾ ಏರಿಸಿಯೇ ಸೈ ಎಂದು ಪಣ ತೊಟ್ಟದ್ದು ಹೀಗೆ.

ಪಣವೇನೋ ತೊಟ್ಟಾಯಿತು, ದಿಕ್ಕು ಗೊತ್ತಾಗಬೇಕಲ್ಲ. ನಾವಿರುವುದು ನಡು ನ್ಯೂಜೆರ್ಸಿಯಲ್ಲಿ, ‘ರೂಟ್ 1’ ಎಂಬ ಹೆದ್ದಾರಿಯ ಬಗಲಿಗೆ. ನ್ಯೂಯಾರ್ಕಿನ ಸ್ಟೇಷನ್ನುಗಳು ಎಂಪೈರ್ ಸ್ಟೇಟ್ ಕಟ್ಟಡದ ನೆತ್ತಿಯಿಂದಲೂ ಒನ್ ವರ್ಲ್ಡ್ ಟ್ರೇಡ್ ಸೆಂಟರಿನ ನೆತ್ತಿಯಿಂದಲೂ ಬಿತ್ತರವಾಗುತ್ತವೆ. ಫಿಲಡೆಲ್ಫಿಯಾದವು ರಾಕ್ಸ್‌ಬರೋ ಎಂಬಲ್ಲಿಯ ಗೋಪುರಗಳಿಂದ. ನಮ್ಮ ಮನೆಯಿಂದ ಎರಡೂ ಹತ್ತಿರ ಹತ್ತಿರ 40 ಮೈಲಿ. ಒಂದು ಈಶಾನ್ಯಕ್ಕೆ, ಇನ್ನೊಂದು ನೈರುತ್ಯಕ್ಕೆ. ಒಂದಕ್ಕೆ ಮುಖ ಕೊಟ್ಟರೆ ಇನ್ನೊಂದಕ್ಕೆ ಬೆನ್ನು. ವಾಸ್ತು ಕೇಳಿದ್ದರೆ ಈಶಾನ್ಯ ದೇವಮೂಲೆ, ಅಲ್ಲಿ ಭಾರ ಹೇರಬೇಡಿ, ಏನಿದ್ದರೂ ನೈರುತ್ಯಕ್ಕೆ ಅನ್ನುತ್ತಿದ್ದರು. ಆ ಲೆಕ್ಕದಲ್ಲಿ ಫಿಲಡೆಲ್ಫಿಯಾವೇ ಗತಿ. ಆದರೆ ನಾನು ಕೆಲಸಕ್ಕೆ ಹೋಗುವುದು ನ್ಯೂಯಾರ್ಕಿಗೆ. ರೈಲು ಕೆಟ್ಟು ನಿಂತ ಸುದ್ದಿ ಹೇಳುವವರು ಅವರು. ಫಿಲಡೆಲ್ಫಿಯಾದವರು ಹೇಳುವುದು ನಮ್ಮೂರಿಗೆ ಬರಲಿರುವ ಮಳೆಯ ಸುದ್ದಿ, ಯಾಕೆಂದರೆ ಇಲ್ಲಿಯ ಮೋಡಗಳೂ ಹೆಚ್ಚಾಗಿ ಆ ಕಡೆಯಿಂದಲೇ ಹೊರಡುವುದು. ರೈಲು ಬೇಕೋ ಮಳೆ ಬೇಕೋ?

ಚಾನೆಲ್ಲಿನ ನಂಬರುಗಳನ್ನಾದರೂ ನಂಬೋಣವೆಂದರೆ ಅವೂ ಪ್ರಾಮಾಣಿಕವಲ್ಲ. ಪರದೆಯ ಮೇಲೆ 2 ಎಂದು ಬರುವ ನ್ಯೂಯಾರ್ಕಿನ ಚಾನೆಲ್ಲು ಗಾಳಿಯಲ್ಲಿ ನಿಜಕ್ಕೂ ಹರಿಯುವುದು ಮೂವತ್ತರ ಆಚೆಗಿನ ಯಾವುದೋ ನಂಬರಿನ ತರಂಗಾಂತರದಲ್ಲಿ. 2009ರ ಜೂನ್ 12ಕ್ಕೆ ಅಮೆರಿಕದ ದೊಡ್ಡ ಸ್ಟೇಷನ್ನುಗಳೆಲ್ಲ ಅನಲಾಗ್ ಬಿಟ್ಟು ಡಿಜಿಟಲ್ ಆದಾಗ ಬಹಳ ಮಂದಿ ಮನೆ ಬದಲಾಯಿಸಿದರು, ಮನೆ ಮುಂದಿನ ಬೋರ್ಡು ಹಳೆಯದೇ ಇಟ್ಟುಕೊಂಡರು. ಊರೆಲ್ಲ ಪುಟ್ಟಣ್ಣ ಎಂದು ಕರೆಯುವವನ ಹೆಸರು ರೇಷನ್ ಕಾರ್ಡಿನಲ್ಲಿ ಇನ್ನೇನೋ ಇರುವಂತೆ. ಹಟ ಹಿಡಿದು ಉಳಿದ ಕೆಲವರಲ್ಲಿ ಫಿಲಡೆಲ್ಫಿಯಾದ 6 ಒಂದು, ಪರದೆಯಲ್ಲೂ 6, ಗಾಳಿಯಲ್ಲೂ 6. ಅದು 82ರಿಂದ 88 ಮೆಗಾಹರ್ಟ್ಜ್, ಎಫ್‌ಎಂ ರೇಡಿಯೋದ ಗೋಡೆಗೇ ಆತುಕೊಂಡ ಜಾಗ. ಅನಲಾಗ್ ಕಾಲದಲ್ಲಿ ಕಾರಿನ ರೇಡಿಯೋ ಮುಳ್ಳನ್ನು ಎಡತುದಿಗೆ ಒತ್ತಿದರೆ ಆ ಚಾನೆಲ್ಲಿನ ವಾರ್ತೆ ಕೇಳುತ್ತಿತ್ತು. ಈ ಪ್ರಾಮಾಣಿಕತೆಗೆ ಬೆಲೆಯೂ ಇದೆ. ಬಹುಪಾಲು ಚಾನೆಲ್ಲುಗಳಿಗೆ ಒಂದಡಿಯ ಕಡ್ಡಿ ಸಾಕು, ಈ 6ನ್ನು ಹಿಡಿಯಲು ಸುಮಾರು ಆರಡಿ ಉದ್ದದ್ದೇ ಬೇಕು. ಇಂಥ ಒಂದು ಕಡ್ಡಿಗಾಗಿ ಆಂಟೆನಾದ ಬೆಲೆಯೂ ಗಾತ್ರವೂ ಹೆಂಡತಿಯ ಹುಬ್ಬೂ ಏರುತ್ತವೆ.

ಅಂಗಡಿಯ ಡಬ್ಬಿಗಳ ಮಾತು ಎತ್ತಲೇಬಾರದು. ‘150 ಮೈಲಿ’, ‘200 ಮೈಲಿ’, ‘4ಕೆ’, ‘8ಕೆ’. ಆಂಟೆನಾ ಎನ್ನುವುದು ಅಲ್ಯೂಮಿನಿಯಂ ಕಡ್ಡಿಗಳು. ಅದಕ್ಕೆ 4ಕೆಯೂ ಗೊತ್ತಿಲ್ಲ, ಡಿಜಿಟಲ್ಲೂ ಗೊತ್ತಿಲ್ಲ. ಇನ್ನು ಭೂಮಿ ಗುಂಡಗಿದೆ ಎಂದು ನಮಗೆ ನಾಲ್ಕನೇ ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದಾರೆ. ಎಷ್ಟೇ ಎತ್ತರದ ಗೋಪುರವಾದರೂ ಅರುವತ್ತು ಎಪ್ಪತ್ತು ಮೈಲಿ ದಾಟುವಷ್ಟರಲ್ಲಿ ದಿಗಂತದ ಕೆಳಗೆ ಹೂತುಹೋಗುತ್ತದೆ. ಡಬ್ಬಿ ಬರೆದವರ ಭೂಮಿ ಬಹುಶಃ ಚಪಾತಿ ಮಣೆ.

ಕಡೆಗೆ ಉದ್ದ ಬೆನ್ನಿನ, ಮೀನಿನ ಮುಳ್ಳಿನಂಥ ಹಳೇ ಮಾದರಿಯೊಂದನ್ನು ಹೆಂಡತಿಗೆ ತೋರಿಸಿದೆ. ಆಕೆ ಚಿತ್ರವನ್ನು ನೋಡಿ ಒಂದೇ ಪ್ರಶ್ನೆ ಕೇಳಿದಳು: ‘ಯಾರು ಹತ್ತೋದು?’

ಯಾರು ಹತ್ತೋದು! ಈ ಪ್ರಶ್ನೆಗೆ ನಮ್ಮೂರಲ್ಲಿ ಉತ್ತರವಿತ್ತು.

ಸಾಗರದ ಕಡೆಯ ನಮ್ಮ ಹಳ್ಳಿ ಇದ್ದದ್ದು ಗುಡ್ಡದ ಬೊಗಸೆಯೊಳಗೆ. 1988ರ ಅಕ್ಟೋಬರಿನಲ್ಲಿ ದೂರದರ್ಶನದಲ್ಲಿ ಭಾನುವಾರದ ಮಹಾಭಾರತ ಶುರುವಾದಾಗ ಅಜ್ಜ ಅಡಿಕೆ ಮಾರಿದ ದುಡ್ಡಿನಲ್ಲಿ ಬಾಗಿಲಿದ್ದ ಕಪ್ಪುಬಿಳುಪು ಟಿವಿ ತಂದರು. ಹೆಂಚಿನ ಮೇಲೆ ಎಷ್ಟು ಉದ್ದದ ಗಳ ನೆಟ್ಟರೂ ಪರದೆಯಲ್ಲಿ ಬಂದದ್ದು ಅಕ್ಕಿನುಚ್ಚು. ಆಗ ಯಾರಿಗೋ ಹೊಳೆದದ್ದು ಅಂಗಳದಂಚಿನ ಅಡಿಕೆಮರ. ಬದುಕಿರುವ ಮರ, ತೋಟಕ್ಕೆಲ್ಲ ಎತ್ತರದ್ದು. ಕೊನೆ ಕೊಯ್ಯಲು ಬರುತ್ತಿದ್ದ ಕೊನೆಗಾರ ಕಾಲಿಗೆ ತಳೆ ಹಾಕಿಕೊಂಡು ಆಂಟೆನಾವನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿದ, ತಲೆಯ ಕೆಳಗೆ ಬಿಗಿದ. ಭೀಷ್ಮ ಬಂದ. ಎಲ್ಲರೂ ಕೈ ಮುಗಿದೆವು.

ಆದರೆ ಅಡಿಕೆಮರ ಗಾಳಿಗೆ ತೂಗುತ್ತದೆ, ಆಂಟೆನಾ ಅದರ ಜೊತೆ ತೂಗುತ್ತದೆ, ಭೀಷ್ಮ ಒಮ್ಮೆ ಒಬ್ಬನಾಗಿ, ಒಮ್ಮೆ ಎದುರುಗುಡ್ಡಕ್ಕೆ ಬಡಿದು ಬಂದ ಪಡಿನೆಳಲಿನೊಂದಿಗೆ ಇಬ್ಬರಾಗಿ, ಒಮ್ಮೆ ಯಾರೂ ಇಲ್ಲದವನಾಗಿ ಮಾತಾಡುತ್ತಿದ್ದ. ಹೀಗಾಗಿ ಪ್ರತಿ ಭಾನುವಾರ ಕೊನೆಗಾರ ಮರದ ಮೇಲೇ ಇರಬೇಕೆಂದು ತೀರ್ಮಾನವಾಯಿತು. ಕೂಲಿ ಬೇಡ ಎಂದ ಪುಣ್ಯಾತ್ಮ. ತನಗೂ ಮಹಾಭಾರತ ಬೇಕು ಎಂದ. ಈ ಒಪ್ಪಂದದಲ್ಲಿದ್ದ ಮೋಸ ಯಾರ ತಲೆಗೂ ಹೋಗಲಿಲ್ಲ: ಊರಿಗೆಲ್ಲ ಮಹಾಭಾರತ ತೋರಿಸುವವನಿಗೆ ಮರದ ಮೇಲಿಂದ ಕಾಣುತ್ತಿದ್ದದ್ದು ನಮ್ಮ ಮನೆಯ ಹೆಂಚು.

ಅದಕ್ಕೆ ನನ್ನನ್ನು ಅಂಗಳದಲ್ಲಿ ನಿಲ್ಲಿಸಿದರು. ಒಳಗಿನ ಚಿತ್ರ ನೋಡಿ ‘ಎಡಕ್ಕೆ, ಬಲಕ್ಕೆ’ ಎಂದು ಕೂಗುವುದು ನನ್ನ ಅಧಿಕೃತ ಕೆಲಸ. ಮೊದಲ ವಾರವೇ ಕೊನೆಗಾರ ಮೇಲಿಂದ ಕೇಳಿದ, ‘ಈಗ ಏನಾಗ್ತಾ ಇದೆ?’ ನಾನು ಹೇಳಿದೆ. ಹೀಗೆ ಕುರುಕ್ಷೇತ್ರ ಶುರುವಾಗುವ ತಿಂಗಳುಗಟ್ಟಲೆ ಮುಂಚೆಯೇ ನಾನು ಸಂಜಯನಾದೆ. ನನಗೆ ಹಿಂದಿ ಬರುತ್ತಿರಲಿಲ್ಲ. ಜಗಲಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಮುಖ ನೋಡಿ ಮಾತು ಕಟ್ಟುತ್ತಿದ್ದೆ. ‘ದ್ರೋಣರಿಗೆ ಸಿಟ್ಟು ಬಂದಿದೆ.’ ‘ಯಾಕೆ?’ ‘ಗೊತ್ತಿಲ್ಲ.’ ‘ಗೊತ್ತಿಲ್ಲದೆ ಹೇಗೆ? ಎದುರಿಗೆ ಯಾರಿದಾರೆ ನೋಡು.’ ಎದುರಿಗೆ ಯಾರಿದ್ದಾರೆ ಎಂದು ಹೇಳಿದರೆ ಮಿಕ್ಕದ್ದನ್ನು ಅವನೇ ಹೇಳುತ್ತಿದ್ದ. ಮಳೆಗಾಲದ ಎಷ್ಟೋ ರಾತ್ರಿ ತಾಳಮದ್ದಲೆಯಲ್ಲಿ ಕೂತು ಬೆಳಗು ಮಾಡಿದವನು ಅವನು. ಒಂದೊಂದು ಪಾತ್ರಕ್ಕೂ ಅವನ ಕಿವಿಯಲ್ಲಿ ಹತ್ತು ಅರ್ಥಧಾರಿಗಳಿದ್ದರು.

ಅನಾಹುತ ಆದದ್ದು ಕೃಷ್ಣ ಕರ್ಣನಿಗೆ ಜನ್ಮರಹಸ್ಯ ಹೇಳುವ ವಾರ. ಜಗಲಿ ತುಂಬಿ ಅಂಗಳಕ್ಕೆ ಜನ ಚೆಲ್ಲಿತ್ತು. ‘ಕರ್ಣ ಏನಂದ?’ ಎಂದು ಮೇಲಿಂದ ಪ್ರಶ್ನೆ ಬಂತು. ಕರ್ಣ ತಲೆ ತಗ್ಗಿಸಿದ್ದು ಕಂಡು ನಾನು ‘ಆಯ್ತು, ಬರ್ತೇನೆ ಅಂದ’ ಎಂದು ಕೂಗಿಬಿಟ್ಟೆ.

ಮರ ಅಲುಗಾಡಿತು. ‘ಏನಂದ?’

‘ಬರ್ತೇನೆ ಅಂದ.’

‘ಸುಳ್ಳು!’ ಕೊನೆಗಾರ ಎಡಗೈಯನ್ನು ಆಂಟೆನಾದಿಂದ ಬಿಡಿಸಿ ಆಕಾಶಕ್ಕೆ ಎತ್ತಿದ. ‘ಅನ್ನ ಹಾಕಿದವನನ್ನ ಬಿಟ್ಟು ಬರ್ತಾನಾ ಕರ್ಣ? ತಾಯಿ ಹೆಸರು ಹೇಳಿದರೆ ಬರ್ತಾನಾ? ರಾಜ್ಯ ಕೊಡ್ತೇನೆ ಅಂದರೆ ಬರ್ತಾನಾ?’ ಆಮೇಲೆ ಅವನು ಕರ್ಣನೇ ಆಗಿಬಿಟ್ಟ. ಐದು ನಿಮಿಷಕ್ಕೆ ಕಮ್ಮಿಯಿಲ್ಲದೆ ಮಾತಾಡಿದ. ಸೂತನ ಮನೆಯ ಗಂಜಿ ಉಂಡ ಬಾಯಲ್ಲಿ ಪಾಂಡವರನ್ನು ತಮ್ಮಾ ಎಂದು ಹೇಗೆ ಕರೆಯಲಿ ಎಂದು ಕೃಷ್ಣನನ್ನು ಕೇಳಿದ. ಕೃಷ್ಣನಾದ ನಾನು ಕೆಳಗೆ ಚಡ್ಡಿ ಹಾಕಿಕೊಂಡು ನಿಂತಿದ್ದೆ. ಒಳಗೆ ಪರದೆ ಪೂರ್ತಿ ಅಕ್ಕಿನುಚ್ಚಾಗಿತ್ತು. ಅಜ್ಜ ಜಗಲಿಯಿಂದ ಬೈಯುತ್ತಾ ಇಳಿದರು. ಅಂಗಳದಂಚಿಗೆ ಬಂದು, ಕತ್ತೆತ್ತಿ, ಸುಮ್ಮನಾದರು. ಜನರೂ ಒಬ್ಬೊಬ್ಬರೇ ಬಂದು ಮರದ ಕೆಳಗೆ ನಿಂತರು. ಮುಗಿದ ಮೇಲೆ ಅಜ್ಜ ಹೇಳಿದ್ದು ಇಷ್ಟೇ: ‘ಇಳಿ ಮಾರಾಯ, ಚಾ ಕುಡಿ.’

ಅವತ್ತು ದೆಹಲಿಯ ಕರ್ಣ ಏನು ಹೇಳಿದ್ದ ಎಂಬುದು ನಮ್ಮೂರಿನವರಿಗೆ ಇವತ್ತಿಗೂ ಗೊತ್ತಿಲ್ಲ.

ಆ ಆಂಟೆನಾದ ಅಂತ್ಯವನ್ನೂ ಹೇಳಿಬಿಡುತ್ತೇನೆ. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಕೊನೆಗಾರ ಆ ಮರಕ್ಕೆ ಹೊಡೆಯುವಾಗ ಸೇಡಿಗೋ ಕೈರೂಢಿಗೋ ಆಂಟೆನಾಕ್ಕೂ ಒಂದು ಸುತ್ತು ಹೊಡೆದಿದ್ದ. ಕಡ್ಡಿಗಳು ನೀಲಿಯಾದವು. ತಾಮ್ರದ ಉಪ್ಪಿಗೂ ಅಲ್ಯೂಮಿನಿಯಮ್ಮಿಗೂ ಆಗಿಬರುವುದಿಲ್ಲವೆಂದು ಆಗ ಯಾರಿಗೆ ಗೊತ್ತು? ಎರಡು ಮಳೆಗಾಲದಲ್ಲಿ ಸಿಡುಬು ಬಂದ ಮುಖದ ಹಾಗೆ ತೂತುಬಿದ್ದು ಕಡ್ಡಿಗಳು ಒಂದೊಂದಾಗಿ ಉದುರಿದವು. ಕೊಳೆರೋಗವಂತೂ ಬರಲಿಲ್ಲ.

ಆ ಮೀನುಮುಳ್ಳಿನ ಹೆಸರು ಯಾಗಿ ಎಂದು ಟಿವಿ ರಿಪೇರಿಯವನು ಹೇಳಿದಾಗ ಅಜ್ಜ ಅದು ಯಾಗಕ್ಕೆ ಸಂಬಂಧಿಸಿದ್ದೆಂದೇ ತಿಳಿದರು. ಅದು ಜಪಾನಿನ ಪ್ರೊಫೆಸರೊಬ್ಬರ ಹೆಸರು. 1926ರ ಸುಮಾರಿಗೆ ಸೆಂಡೈ ಊರಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಅದರ ಹೆಚ್ಚಿನ ಕೆಲಸವನ್ನೆಲ್ಲ ಮಾಡಿದವರು ಶಿಂತಾರೋ ಉದಾ. ಜಗತ್ತಿನ ಬಾಯಲ್ಲಿ ಉಳಿದದ್ದು ಹಿರಿಯರಾದ ಹಿದೆತ್ಸುಗು ಯಾಗಿ ಅವರ ಹೆಸರು. 1942ರಲ್ಲಿ ಸಿಂಗಪುರ ಜಪಾನೀಯರ ಕೈಸೇರಿದಾಗ ಬ್ರಿಟಿಷರ ರೇಡಾರ್ ಟಿಪ್ಪಣಿಗಳಲ್ಲಿ ‘ಯಾಗಿ’ ಎಂಬ ಶಬ್ದ ಸಿಕ್ಕಿತಂತೆ. ಹಾಗೆಂದರೇನೆಂದು ಜಪಾನೀಯರು ಸೆರೆಸಿಕ್ಕವನನ್ನು ಕೇಳಿದರೆ, ಅದು ನಿಮ್ಮವರದೇ ಹೆಸರಲ್ಲವೇ ಅಂದನಂತೆ ಅವನು. ಮರ ಹತ್ತಿದವನು ಒಬ್ಬ, ಹೆಸರು ಇನ್ನೊಬ್ಬರದು ಎನ್ನುವುದು ಸೆಂಡೈಯಲ್ಲೂ ಇತ್ತು ಅನ್ನಿ.

ನ್ಯೂಜೆರ್ಸಿಯಲ್ಲಿ ಕೊನೆಗಾರನಿಲ್ಲ. ಅವನ ಬದಲಿಗೆ ಕಂಬವನ್ನು ತಿರುಗಿಸುವ ಮೋಟರು ಸಿಗುತ್ತದೆ. ಕರ್ಣನ ವಿಷಯದಲ್ಲಿ ಅದಕ್ಕೆ ಅಭಿಪ್ರಾಯವಿಲ್ಲ. ಅದು ಬೇಡವೆಂದು ಕಡೆಗೆ ಫಿಲಡೆಲ್ಫಿಯಾಕ್ಕೇ ಮುಖ ಮಾಡಿಸಿದೆ. ರೈಲು ಕೆಟ್ಟರೆ ಹೇಗೂ ಸ್ಟೇಷನ್ನಿಗೆ ಹೋದಾಗ ಗೊತ್ತಾಗುತ್ತದೆ. ಏಣಿ ಹತ್ತಿದ್ದು ನಾನೇ. ಮೂರನೇ ಮೆಟ್ಟಿಲಿಗೆ ಮೊಣಕಾಲು ನಡುಗಲು ಶುರುವಾದದ್ದನ್ನು ಪಕ್ಕದ ಮನೆಯವರು ನೋಡಿದರು. ಅವರು ನೋಡಿದ್ದು ಕಾಲನ್ನಷ್ಟೇ ಅಲ್ಲ ಎಂದು ಗೊತ್ತಾದದ್ದು ವಾರದ ಮೇಲೆ, ಮನೆಮಾಲೀಕರ ಸಂಘದಿಂದ ಪತ್ರ ಬಂದಾಗ. ಬಡಾವಣೆಯ ಅಂದ ಕೆಡುತ್ತಿದೆಯಂತೆ. ಅಂದವಂತೆ! ಎಲ್ಲ ಮನೆಗೂ ಒಂದೇ ಹಳಸಲು ಅನ್ನದ ಬಣ್ಣ, ಕಸದ ಡಬ್ಬಿಗೂ ಇಂತಿಂಥ ದಿನವೆಂದು ಪಂಚಾಂಗ. ನಾನು 1996ರಲ್ಲಿ ಬಂದ, ಅಮೆರಿಕದ ಪ್ರಸಾರ ವ್ಯವಹಾರ ನೋಡಿಕೊಳ್ಳುವ ಸರ್ಕಾರಿ ಆಯೋಗವಾದ ಎಫ್‌ಸಿಸಿ ನಿಯಮದ ಪ್ರತಿ ಲಗತ್ತಿಸಿ ಉತ್ತರ ಬರೆದೆ: ಸ್ವಂತ ಮನೆಯ ಮೇಲೆ ಟಿವಿ ಆಂಟೆನಾ ಹಾಕುವುದನ್ನು ಇಂಥ ಸಂಘಗಳು ಬೇಡವೆನ್ನುವಂತಿಲ್ಲ. ಈ ಸಲ ಸಿಟ್ಟು ಇದ್ದರೂ ಇಂಗ್ಲಿಷು ಬಂತು, ಬರೆಯುವುದಾದ್ದರಿಂದ.

ಹುಡುಕುವ ಬಟನ್ ಒತ್ತಿದರೆ ಚಾನೆಲ್ಲುಗಳು ಪುತುಪುತು ಬಂದು ಬಿದ್ದವು. ಅರ್ಧಕ್ಕರ್ಧ ಪಾತ್ರೆ ಮಾರುವವು, ಆದರೆ ಪುಕ್ಕಟೆ ಪಾತ್ರೆ ಮಾರುವವು. 6 ಮಾತ್ರ ಬೆಳಿಗ್ಗೆ ಬರುತ್ತದೆ, ಸಂಜೆ ಬರುವುದಿಲ್ಲ. ಅನಲಾಗ್ ಆಗಿದ್ದರೆ ಅಕ್ಕಿನುಚ್ಚಿನ ನಡುವೆ ಒಂದು ಮೂಗಾದರೂ ಕಾಣುತ್ತಿತ್ತು. ಡಿಜಿಟಲ್ಲಿಗೆ ಆ ದಾಕ್ಷಿಣ್ಯವಿಲ್ಲ. ಹವಾಮಾನ ಹೇಳುವವಳು ಬಾಯಿ ತೆರೆದಂತೆಯೇ ಚೌಕಚೌಕವಾಗಿ ಒಡೆದು ನಿಂತುಬಿಡುತ್ತಾಳೆ. ಕೇಬಲ್ ಬದಲಿಸಿದೆ, ಕಂಬ ಎರಡಡಿ ಏರಿಸಿದೆ, ಬೂಸ್ಟರ್ ಹಾಕಿದೆ, ಬೂಸ್ಟರ್ ತೆಗೆದೆ. ಮೊನ್ನೆ ಹೆಂಡತಿಯೇ ಕಂಡುಹಿಡಿದಳು. ಸಂಜೆ ದೇವರ ಮೂಲೆಯಲ್ಲಿ ಹಚ್ಚುವ ಎಲ್‌ಇಡಿ ದೀಪದ ಮಾಲೆ, ಊರಿನಿಂದ ಅಮ್ಮ ತಂದದ್ದು. ಅದರ ಅಗ್ಗದ ಅಡಾಪ್ಟರು ಉಗುಳುವ ಗದ್ದಲ ಸರಿಯಾಗಿ ಆ ಕೆಳಗಿನ ಮೆಗಾಹರ್ಟ್ಜ್‌ಗಳಲ್ಲೇ ಹರಡಿಕೊಳ್ಳುತ್ತದೆ. ಮಾಲೆ ಆರಿಸಿದರೆ ಹವಾಮಾನದವಳು ಪೂರ್ತಿ ಮುಖದೊಂದಿಗೆ ನಗುತ್ತಾಳೆ, ಹಚ್ಚಿದರೆ ಮಾಯ.

ಅಮ್ಮ ಇಲ್ಲಿರುವುದು ಅಕ್ಟೋಬರಿನವರೆಗೆ. ಸಂಜೆ ಹೊತ್ತಲ್ಲಿ ದೇವರ ದೀಪ ಆರಿಸಿ ಎಂದು ಅವಳಿಗೆ ನಾನು ಹೇಳಲಾರೆ, ಹೆಂಡತಿ ಮೊದಲೇ ಹೇಳುವುದಿಲ್ಲ. ಮಳೆ ಬರುತ್ತದೋ ಇಲ್ಲವೋ ಎಂದು ಸದ್ಯಕ್ಕೆ ಕಿಟಕಿಯಿಂದ ಕೈಚಾಚಿ ನೋಡಿಕೊಳ್ಳುತ್ತಿದ್ದೇವೆ.