ಸೂಟಿಗೂ ಪಂಚೆಯ ಬುದ್ಧಿ ಬರಲಿ

ಬೇಸಿಗೆಯಲ್ಲಿ ಕಡಲ ದಂಡೆಯ ಮದುವೆಗೆ ಕರೆ ಬಂದರೆ ಗಂಡಸರು ಮೊದಲು ನೋಡುವುದು ಬಣ್ಣ. ತಿಳಿ ಬಣ್ಣದ ಸೂಟ್ ಸಿಕ್ಕಿತು, ಇನ್ನು ಸೆಕೆಯ ಚಿಂತೆಯಿಲ್ಲ ಎಂದುಕೊಳ್ಳುತ್ತಾರೆ. ಹೊರನಾಡಿನಲ್ಲಿರುವ ನಾವೂ ಅದನ್ನೇ ಕಲಿತುಬಿಟ್ಟಿದ್ದೇವೆ. ನೆತ್ತಿಯ ಮೇಲೆ ಬಿಸಿಲಿದ್ದಾಗ ಬಣ್ಣದಿಂದ ಒಂದಿಷ್ಟು ಲಾಭ ಉಂಟು, ನಿಜ. ಆದರೆ ಬೆವರಿಳಿಸುವುದು ಕೋಟಿನ ಒಳಗಿರುವ ಪಾಲಿಯೆಸ್ಟರ್ ಲೈನಿಂಗ್. ಹೊರಗೆ ಅಪ್ಪಟ ಲಿನನ್ ಇದ್ದರೂ ಒಳಗೆ ಅದಿದ್ದರೆ ಗಾಳಿ ಆಡುವುದಿಲ್ಲ.

ಸೂಟ್ ಚಳಿ ನಾಡಿನಲ್ಲಿ ಬೆಳೆದ ಉಡುಪು. ಪದರದ ಮೇಲೆ ಪದರ ಹಾಕಿ ಮೈಯ ಬಿಸಿಯನ್ನು ಹಿಡಿದಿಡುವುದು ಅದರ ಗುಣ. ಪಂಚೆಯದು ಇದಕ್ಕೆ ತದ್ವಿರುದ್ಧ. ಹೊಲಿಗೆಯಿಲ್ಲ, ಬಿಗಿತವಿಲ್ಲ, ನಡೆದಾಗ ಕೆಳಗಿನಿಂದ ಗಾಳಿ ನುಗ್ಗುತ್ತದೆ. ಬೆವರು ಮೈಯನ್ನು ತಂಪು ಮಾಡುವುದು ಅದು ಆರಿದಾಗ ಮಾತ್ರ. ಕಡಲ ತೇವದ ಗಾಳಿಯಲ್ಲಿ ಆರುವುದೇ ನಿಧಾನ. ಹಾಗಾಗಿ ಅಲ್ಲಿ ಬಟ್ಟೆಗೂ ಮೈಗೂ ನಡುವೆ ಗಾಳಿಗೆ ಜಾಗ ಬೇಕೇ ಬೇಕು. ಸೂಟ್ ಆರಿಸುವಾಗಲೂ ನಾವು ಈ ಪಂಚೆಯ ಲೆಕ್ಕವನ್ನೇ ಹಾಕಬೇಕು ಎಂಬುದು ನನ್ನ ವಾದ.

ಅಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ನೇಯ್ಗೆಯ ನಡುವೆ ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿಗಳು ಕಾಣಬೇಕು. ಒಂದೇ ಪದರವನ್ನು ಬಾಯಿಗೆ ಒತ್ತಿಕೊಂಡು ಊದಿ, ಆಚೆ ಹಿಡಿದ ಅಂಗೈಗೆ ಉಸಿರು ತಾಗಬೇಕು. ಲಿನನ್ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಬೆವರು ಹೀರಿ ಬೇಗ ಆರುತ್ತದೆ. ಆದರೆ ಲಿನನ್ ನೇಯುವ ಅಗಸೆ ನಾರಿಗೆ ಮತ್ತೆ ನೆಟ್ಟಗಾಗುವ ಗುಣ ಕಡಿಮೆ, ಅರ್ಧ ಗಂಟೆ ಕೂತರೆ ಮಂಡಿಯ ಹಿಂದೆ ಮುದುಡಿಬಿಡುತ್ತದೆ. ಅದು ಇಷ್ಟವಿಲ್ಲದಿದ್ದರೆ ಒಂದು ಮೀಟರ್ ಉದ್ದಕ್ಕೆ 220ರಿಂದ 270 ಗ್ರಾಂ ತೂಗುವ ಟ್ರಾಪಿಕಲ್ ಉಣ್ಣೆ ತೆಗೆದುಕೊಳ್ಳಿ. ಬೇಸಿಗೆಗೆ ಉಣ್ಣೆಯೇ ಎಂದು ಹುಬ್ಬೇರಿಸಬೇಡಿ. ಬಿಗಿಯಾಗಿ ಹುರಿಮಾಡಿದ ನೂಲನ್ನು ಬಿಡಿಬಿಡಿಯಾಗಿ ನೇಯ್ದಿರುವುದರಿಂದ ಗಾಳಿ ಆಡುತ್ತದೆ, ಸುಕ್ಕೂ ತಾನಾಗಿ ಬಿಡುತ್ತದೆ. ಇನ್ನೊಂದು ಸೀರ್‌ಸಕರ್. ಪರ್ಷಿಯನ್ ಭಾಷೆಯ ‘ಶೀರ್ ಓ ಶಕರ್’, ಅಂದರೆ ಹಾಲು ಸಕ್ಕರೆ ಎಂಬುದರಿಂದ ಬಂದ ಹೆಸರು. ಒಂದು ಪಟ್ಟೆ ನುಣುಪು, ಪಕ್ಕದ್ದು ತರಿತರಿ. ಆ ಉಬ್ಬುಗಳೇ ಬಟ್ಟೆ ಚರ್ಮಕ್ಕೆ ಅಂಟದಂತೆ ತಡೆಯುತ್ತವೆ.

ಕೋಟಿನ ಬೆನ್ನಿಗೆ ಲೈನಿಂಗ್ ಬೇಡ. ಭುಜಕ್ಕೂ ತೋಳಿಗೂ ಇದ್ದರೆ ಸಾಕು, ತೋಳು ಸಲೀಸಾಗಿ ಜಾರಬೇಕಲ್ಲ. ಅದೂ ಕ್ಯುಪ್ರೊ, ಅಂದರೆ ಹತ್ತಿಬೀಜದ ಸಣ್ಣ ನಾರಿನಿಂದ ಮಾಡುವ ನುಣುಪು ಬಟ್ಟೆ ಆಗಿದ್ದರೆ ಒಳ್ಳೆಯದು. ಲೈನಿಂಗ್ ಇಲ್ಲದ ಕಡೆ ಒಳಹೊಲಿಗೆಯ ಅಂಚಿಗೆ ಬಟ್ಟೆಯ ಪಟ್ಟಿ ಸುತ್ತಿ ಪೈಪಿಂಗ್ ಮಾಡಿಸಿ, ಇಲ್ಲದಿದ್ದರೆ ಅಂಚು ಬಿಚ್ಚಿಕೊಳ್ಳುತ್ತದೆ. ತಿಳಿ ಬಣ್ಣದ ತೆಳು ಪ್ಯಾಂಟಿನಲ್ಲಿ ಜೇಬಿನ ಚೀಲವೂ ಒಳಉಡುಪೂ ಹೊರಗೆ ಕಾಣುತ್ತವೆ. ಒಳಗೆ ಬಿಳಿಯದಕ್ಕಿಂತ ಮೈಬಣ್ಣದ್ದು ಹಾಕಿ.

ಶರ್ಟಿನಲ್ಲಿ ಬೆವರಿನ ಕಲೆ ಎದ್ದು ಕಾಣುವುದು ತಿಳಿನೀಲಿಯಲ್ಲಿ ಮತ್ತು ಬೂದು ಬಣ್ಣದಲ್ಲಿ. ಬಿಳಿಯೋ ಸಣ್ಣ ಚಿತ್ತಾರದ್ದೋ ಕ್ಷೇಮ. ಕಂಕುಳಿನ ಹಳದಿ ಕಲೆಗೆ ಬೆವರೊಂದೇ ಕಾರಣವಲ್ಲ, ಬೆವರು ತಡೆಯುವ ಲೇಪದಲ್ಲಿನ ಅಲ್ಯೂಮಿನಿಯಂ ಲವಣವೂ ಸೇರಿದರೆ ಆಗುವಂಥದ್ದು. ಆ ಲೇಪವನ್ನು ಹಿಂದಿನ ರಾತ್ರಿಯೇ ಒಣ ಚರ್ಮಕ್ಕೆ ಹಚ್ಚಿದರೆ ಹೆಚ್ಚು ಕೆಲಸ ಮಾಡುತ್ತದೆ. ಮರಳಿನ ಮೇಲೆ ಲೇಸ್ ಇಲ್ಲದ ಲೋಫರ್ ಸಾಕು. ಮೆತ್ತನೆ ಜುಂಗಿನ ಸ್ವೇಡ್ ಚರ್ಮದ್ದು ಬೇಡ, ಉಪ್ಪುನೀರು ಬಿದ್ದಲ್ಲಿ ಬಿಳಿ ಗೆರೆ ಉಳಿಯುತ್ತದೆ.

ಪಂಚೆಯನ್ನೇ ಉಟ್ಟರೆ? ಖಂಡಿತ ಉಡಿ, ಕರೆದವರನ್ನು ಒಂದು ಮಾತು ಕೇಳಿ. ಸೆಕೆ ನಾಡಿನವರು ತಮ್ಮ ಉಡುಪನ್ನೇ ಸಭೆಯ ಉಡುಪಾಗಿ ಇಟ್ಟುಕೊಂಡಿರುವುದು ಹೊಸತೇನಲ್ಲ. ಫಿಲಿಪೀನ್ಸಿನವರು ಅನಾನಸ್ ಎಲೆಯ ನಾರಿನಿಂದ ನೇಯ್ದ ಬರೋಂಗ್ ಅಂಗಿಯನ್ನು ಪ್ಯಾಂಟಿನ ಹೊರಗೆ ಬಿಟ್ಟುಕೊಂಡೇ ಮದುವೆಗೆ ಹೋಗುತ್ತಾರೆ. ಕ್ಯೂಬಾ 2010ರಲ್ಲಿ ಗುವಾಯಬೆರಾ ಅಂಗಿಯನ್ನು ಸರ್ಕಾರಿ ಸಮಾರಂಭಗಳ ಅಧಿಕೃತ ಉಡುಪು ಎಂದು ಸಾರಿತು. ನಾವು ಮಾತ್ರ ಯಾಕೆ ಹಿಂಜರಿಯಬೇಕು?

ಉಡುವುದಾದರೆ ಸರಿಯಾಗಿ ಉಡಬೇಕು. ಎಂಟು ಮೊಳದ, ಅಂದರೆ ಸುಮಾರು 3.6 ಮೀಟರಿನ ಅಡ್ಡಪಂಚೆ ಒಳಾಂಗಣಕ್ಕೆ ಚೆನ್ನ. ದಂಡೆಯ ಗಾಳಿಗೆ ಅದರ ಅಂಚು ಹಾರುತ್ತದೆ, ಇಡೀ ಹೊತ್ತು ಒಂದು ಕೈ ಅದಕ್ಕೇ ಮೀಸಲಾಗುತ್ತದೆ. ಅಲ್ಲಿಗೆ ಒಂಬತ್ತು ಮೊಳದ ಕಚ್ಚೆಪಂಚೆ, ಐದು ಮೊಳದ ಶಲ್ಯ ಸರಿ. ಕಾಲುಗಳ ನಡುವಿನಿಂದ ತಂದು ಹಿಂದೆ ಸಿಕ್ಕಿಸಿದ ಕಚ್ಚೆ ಮರಳಿನಲ್ಲಿ ನಡೆದರೂ ಕದಲುವುದಿಲ್ಲ. ರೇಷ್ಮೆಯದನ್ನು ಹಗಲಿಗೆ ಉಡಬೇಡಿ, ಬೆವರು ತಾಗಿದ ಕಡೆ ಕಲೆ ಕಟ್ಟುತ್ತದೆ. ಹತ್ತಿಯದಕ್ಕೂ ದಪ್ಪ ಗಂಜಿ ಹಾಕಿದರೆ ನೇಯ್ಗೆಯ ಸಂದುಗಳೆಲ್ಲ ಮುಚ್ಚಿ ಪಂಚೆಯ ತಂಪು ಹೋಗುತ್ತದೆ. ತೆಳು ಗಂಜಿ ಸಾಕು. ಹಿಂದಿನ ದಿನ ಉಟ್ಟು ಮೆಟ್ಟಿಲು ಹತ್ತಿಳಿದು ನೋಡಿ. ಕಚ್ಚೆ ಸಡಿಲಾದರೆ ಮೊದಲ ಹತ್ತು ಮೆಟ್ಟಿಲಲ್ಲೇ ಗೊತ್ತಾಗುತ್ತದೆ.

ಬಿಳಿಯ ವಿಷಯದಲ್ಲಿ ಎರಡು ರೀತಿಗಳು ಡಿಕ್ಕಿ ಹೊಡೆಯುತ್ತವೆ. ನಮಗೆ ಬಿಳಿ ಪಂಚೆ ಗೌರವದ ಉಡುಪು. ವಧು ಬಿಳಿ ಗೌನ್ ತೊಡುವ ಮದುವೆಯಲ್ಲಿ ಬಿಳಿ ಅವಳದು, ಅತಿಥಿ ತಲೆಯಿಂದ ಕಾಲಿನವರೆಗೆ ಬಿಳಿ ತೊಟ್ಟರೆ ಕೆಲವರಿಗೆ ಕಸಿವಿಸಿ. ಅಗಲ ಬಣ್ಣದ ಅಂಚಿನ ಪಂಚೆಗೆ ಕಡುನೀಲಿಯ ಇಲ್ಲವೇ ಹಸಿರಿನ ಜುಬ್ಬಾ ಹಾಕಿದರೆ ಆ ಮಾತೇ ಬರುವುದಿಲ್ಲ.

ಪ್ರಯಾಣಕ್ಕೆ ಲಿನನ್ ಮಡಿಸುವುದಕ್ಕಿಂತ ಸುತ್ತಿಡಿ. ತಲುಪಿದ ಕೂಡಲೇ ಹ್ಯಾಂಗರಿಗೆ ಹಾಕಿ. ಇಸ್ತ್ರಿ ಮಾಡುವುದು ಬಟ್ಟೆ ಇನ್ನೂ ಹಸಿಯಾಗಿರುವಾಗಲೇ. ಪೂರ್ತಿ ಒಣಗಿದ ಮೇಲೆ ಎಷ್ಟು ಒತ್ತಿದರೂ ಲಿನನ್ ಸುಕ್ಕು ಬಿಡುವುದಿಲ್ಲ.