ಹಗ್ಗದ ಕೊನೆಯಲ್ಲಿ ಅಟೆಂಡರ್ ಅಕ್ಕ

ನಾಲ್ಕು ಟೇಬಲ್ ಆಚೆ ಕೂರುವವಳ ಜೊತೆ ಏಳು ತಿಂಗಳು ಮಾತು ಬಿಟ್ಟಿದ್ದೆ. ಕಾರಣ ಒಂದು ಕಡತ. ನಾನು ಕಳಿಸುವುದು, ಅವಳು ಏನಾದರೊಂದು ಆಕ್ಷೇಪಣೆ ಬರೆದು ವಾಪಸ್ ಕಳಿಸುವುದು. ಮೊದಲಾಗಿದ್ದರೆ ಕಡತ ಹೊತ್ತುಕೊಂಡು ಹೋಗಿ ಮುಖ ನೋಡಿಯಾದರೂ ಜಗಳ ಆಡಬೇಕಿತ್ತು. ಕಡತಗಳೆಲ್ಲ ಕಂಪ್ಯೂಟರಿನಲ್ಲೇ ಓಡಾಡುವ ಇ-ಆಫೀಸ್ ಬಂದ ಮೇಲೆ ಆ ತೊಂದರೆಯೂ ಇಲ್ಲ. ಕೂತಲ್ಲೇ ಹಗೆ ಸಾಧಿಸಬಹುದು.

ಅಷ್ಟರಲ್ಲಿ ಜಿಲ್ಲಾ ಮಟ್ಟದ ಸರ್ಕಾರಿ ನೌಕರರ ಕ್ರೀಡಾಕೂಟ ಬಂತು. ಅವತ್ತು ಓಓಡಿ (ಕಚೇರಿಗೆ ಬಾರದಿದ್ದರೂ ಡ್ಯೂಟಿ ಅಂತಲೇ ಲೆಕ್ಕ) ಸಿಗುತ್ತದೆ ಅಂದರೆ ಓಡಲು ಬಾರದವರೂ ಓಡಿ ಬರುತ್ತಾರೆ. ನಮ್ಮ ಕಚೇರಿಯ ಹೆಂಗಸರಿಗೆ ಅಲ್ಲಿಯವರೆಗೆ ಮ್ಯೂಸಿಕಲ್ ಚೇರ್, ಲೆಮನ್ ಸ್ಪೂನ್, ಆಮೇಲೆ ಬಹುಮಾನ ಕೊಡುವಾಗ ತಟ್ಟೆ ಹಿಡಿದು ನಿಲ್ಲುವ ಕೆಲಸ. ಈ ಸಲ ಹಗ್ಗಜಗ್ಗಾಟಕ್ಕೆ ಹೆಸರು ಕೊಡೋಣ ಅಂದವರು ನಮ್ಮ ಅಟೆಂಡರ್ ಅಕ್ಕ.

ತಂಡಕ್ಕೆ ಎಂಟು ಜನ ಬೇಕು. ನಮ್ಮಲ್ಲಿ ಇರುವುದೇ ಎಂಟು ಹೆಂಗಸರು. ಹಾಗಾಗಿ ಯಾರನ್ನೂ ಬಿಡುವಂತಿರಲಿಲ್ಲ, ಅವಳನ್ನೂ.

ಕಚೇರಿ ಹಿಂದೆ, ಗುಜರಿಗೆ ಹಾಕದೆ ಬಿಟ್ಟ ಹಳೇ ಜೀಪಿನ ಪಕ್ಕ ಮೂರು ಸಂಜೆ ಪ್ರಾಕ್ಟೀಸು. ಜೀಪಿಗೇ ಹಗ್ಗ ಕಟ್ಟಿ ಎಳೆದೆವು. ನಾವೆಲ್ಲ ತೋಳಿನ ಬಲದಲ್ಲಿ ಎಳೆಯುತ್ತಿದ್ದೆವು. ಅಕ್ಕ ನೋಡಿ ನೋಡಿ ಸಾಕಾಗಿ, ಸೂಪರಿಂಟೆಂಡೆಂಟ್ ಮೇಡಂಗೇ ಗದರಿದರು: "ಇದೇನು ಬಾವಿ ನೀರು ಸೇದೋದಾ ಮೇಡಂ? ಕೈ ಹಿಡ್ಕೊಳ್ಳೋಕಷ್ಟೇ. ಎಳೆಯೋದು ಹಿಮ್ಮಡಿ." ಊರಲ್ಲಿ ಹೋರಿ ಹಿಡಿದು ಬೆಳೆದವರು ಅವರು. ದಿನಾ ಬೆಲ್ ಹೊಡೆದು ಅವರನ್ನು ಕರೆಯುವ ಮೇಡಂ, "ಹೀಗಾ? ಇಷ್ಟು ಒರಗಿದರೆ ಸಾಕಾ?" ಅಂತ ಕೇಳುತ್ತಿದ್ದರು. ನನಗೆ ಆ ಮೂರು ದಿನದಲ್ಲಿ ಅತ್ಯಂತ ಖುಷಿ ಕೊಟ್ಟದ್ದು ಅದೇ. ಸುಳ್ಳು ಯಾಕೆ ಹೇಳಲಿ.

ಹಗ್ಗದ ಕೊನೆಯಲ್ಲಿ ಅಕ್ಕನೇ ನಿಂತರು. ಅಲ್ಲಿ ನಿಲ್ಲುವವರಿಗೆ ಹಗ್ಗ ಕಂಕುಳ ಕೆಳಗಿನಿಂದ ಬೆನ್ನ ಮೇಲೆ ಹಾದು ಇನ್ನೊಂದು ಹೆಗಲಿಂದ ಮುಂದೆ ಬರಬೇಕು. (ಕೈಗೆ, ಸೊಂಟಕ್ಕೆ ಬಿಗಿದು ಸುತ್ತಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ, ಬೆರಳೇ ಹೋಗಬಹುದು.)

ಎದುರಾಳಿಗಳು ಆಸ್ಪತ್ರೆಯ ಸಿಸ್ಟರ್‌ಗಳು. ಎಲ್ಲರ ಕಾಲಲ್ಲೂ ಸ್ಪೋರ್ಟ್ಸ್ ಶೂ. ನಮ್ಮ ಅಕ್ಕ ಬರಿಗಾಲು. ಶೂ ಹಾಕುವಂತಿಲ್ಲ ಅಂತ ನಮ್ಮವರು ಒಂದಷ್ಟು ಗಲಾಟೆ ಮಾಡಿದರು, ಯಾರೂ ಕೇಳಲಿಲ್ಲ. ಆಮೇಲೆ ಓದಿ ತಿಳಿದದ್ದು, ಈ ಜಗಳ ಒಲಿಂಪಿಕ್ಸ್‌ನಲ್ಲೇ ನಡೆದಿದೆ. 1900ರಿಂದ 1920ರವರೆಗೆ ಹಗ್ಗಜಗ್ಗಾಟ ಒಲಿಂಪಿಕ್ಸ್ ಆಟ. 1908ರಲ್ಲಿ ಲಂಡನ್ನಿನಲ್ಲಿ ಲಿವರ್‌ಪೂಲ್ ಪೊಲೀಸರ ಭಾರಿ ಬೂಟು ನೋಡಿ ಅಮೆರಿಕದವರು ತಕರಾರು ತೆಗೆದು ಆಟವನ್ನೇ ಬಿಟ್ಟು ಹೋದರಂತೆ. ಆ ವರ್ಷ ಮೂರೂ ಪದಕ ಬ್ರಿಟನ್ನಿನ ಪೊಲೀಸ್ ತಂಡಗಳಿಗೇ. ಅಂದರೆ ಒಟ್ಟಿಗೆ ಡ್ಯೂಟಿ ಮಾಡುವವರಿಗೆ!

ಮೊದಲ ಎಳೆತದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಸೋತೆವು. ಎರಡನೆಯದರಲ್ಲಿ ಆ ನಾಲ್ಕು ಟೇಬಲ್ ಆಚೆಯವಳು ನನ್ನ ಮುಂದೆ ಬಂದಳು. ಸೀಟಿ ಊದಿದ ಮೇಲೆ ಹಗ್ಗ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಅವಳ ಹಿಮ್ಮಡಿ ನನ್ನ ಎರಡು ಪಾದಗಳ ನಡುವೆ ಮಣ್ಣು ಬಗೆಯುತ್ತಿತ್ತು. ಅವಳ ಬೆವರು ನನ್ನ ಹಣೆಗೆ ಅಂಟುತ್ತಿತ್ತು. ಅಂಗೈ ಉರಿದು ಇನ್ನೇನು ಬಿಡಬೇಕು, ಅವಳು ತಿರುಗದೆಯೇ ಕೂಗಿದಳು: "ಬಿಡಬೇಡ ಕಣೇ!"

ಏಳು ತಿಂಗಳಲ್ಲಿ ಮೊದಲ ಮಾತು. ಅದೂ ಏಕವಚನದಲ್ಲಿ.

ಅದನ್ನು ಗೆದ್ದೆವು. ಮೂರನೆಯದು ಸೋತೆವು. ಸಿಸ್ಟರ್‌ಗಳು ನಿಜಕ್ಕೂ ಗಟ್ಟಿಗಿತ್ತಿಯರು.

ನನಗೆ ಅನ್ನಿಸುವುದು ಇಷ್ಟು. ಆಫೀಸಿನವರು ಹತ್ತಿರ ಆಗಬೇಕು ಅಂದರೆ ಕ್ರಿಕೆಟ್ ಜಾಸ್ತಿ ಕೆಲಸಕ್ಕೆ ಬರುವುದಿಲ್ಲ. ಸಾಹೇಬರು ಬ್ಯಾಟ್ ಹಿಡಿದರೆ ಬೌಲರ್‌ಗೆ ಸ್ಟಂಪ್ ಎಲ್ಲಿದೆ ಅನ್ನುವುದೇ ಮರೆಯುತ್ತದೆ. ಎಲ್‌ಬಿಡಬ್ಲ್ಯೂ ಕೊಡುವ ಅಂಪೈರ್ ಇನ್ನೂ ಹುಟ್ಟಿಲ್ಲ. ಉಳಿದವರು ಬಿಸಿಲಲ್ಲಿ ನಿಂತು ಚಪ್ಪಾಳೆ ತಟ್ಟಬೇಕು, ಅಷ್ಟೇ. ಹಗ್ಗದ ಮುಂದೆ ಹುದ್ದೆಯ ಆಟ ನಡೆಯುವುದಿಲ್ಲ. ಒಬ್ಬರೇ ಮಿಂಚಲು ಆಗುವುದಿಲ್ಲ, ಸುಮ್ನೆ ಹಿಡಿದು ನಟಿಸಿದರೆ ಹಿಂದಿನವರಿಗೆ ತಕ್ಷಣ ಗೊತ್ತಾಗುತ್ತದೆ.

ಎಲ್ಲ ಸರಿಹೋಯಿತು ಅಂತ ಹೇಳುತ್ತಿಲ್ಲ. ಮೇಡಂ ಮತ್ತೆ ಬೆಲ್ ಹೊಡೆಯುತ್ತಾರೆ. ಆದರೆ ಅಕ್ಕನನ್ನು ಈಗ "ಬನ್ನಿ" ಅನ್ನುತ್ತಾರೆ. ಅವಳೂ ನನ್ನ ಕಡತಕ್ಕೆ ಆಕ್ಷೇಪಣೆ ಬರೆಯುವುದು ಬಿಟ್ಟಿಲ್ಲ. ಮೊನ್ನೆ ಗುರುವಾರ ಎದ್ದು ಬಂದು ನನ್ನ ಟೇಬಲ್ ಪಕ್ಕ ನಿಂತಳು. "ಮೂರನೇ ಪುಟದ ಮೊತ್ತ ತಾಳೆ ಆಗ್ತಿಲ್ಲ. ವಾಪಸ್ ಕಳಿಸ್ಲಾ, ಇಲ್ಲೇ ಸರಿ ಮಾಡ್ತೀಯಾ?"

ನೋಡಿದೆ. ನಿಜಕ್ಕೂ ತಾಳೆ ಆಗುತ್ತಿರಲಿಲ್ಲ.